ಎರೆಮಣ್ಣಿನ ಹಳೆಯ ಜಗಳ

ಆದವಾನಿ, ಆಲೂರು, ಕೌತಾಳಂ ಕಡೆಯ ಎರೆಹೊಲಗಳಲ್ಲಿ ಮೊದಲ ಮಳೆ ಬಿದ್ದ ಸಂಜೆ ಏಳುವ ಮಣ್ಣಿನ ವಾಸನೆಗೆ ಮೂಗರಳಿಸದವರು ಯಾರು? 1953ರಲ್ಲಿ ಆದವಾನಿ ಸೀಮೆ ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಆಂಧ್ರಕ್ಕೆ ಸೇರಿತು. ಮಣ್ಣಿಗೆ ಅದರ ಗೊಡವೆಯಿಲ್ಲ, ಗಡಿಯ ಆಚೆಗೂ ಈಚೆಗೂ ಅದೇ ಘಮ. ಆ ಘಮ ಬೀರುವ ವಸ್ತುವಿನ ಹೆಸರು ಜಿಯೋಸ್ಮಿನ್. ಅದನ್ನು ತಯಾರಿಸುವವರಲ್ಲಿ ಮುಖ್ಯರು ಸ್ಟ್ರೆಪ್ಟೊಮೈಸಿಸ್ ಕುಲದ ಬ್ಯಾಕ್ಟೀರಿಯಾಗಳು.

ನಾವು ನುಂಗುವ ಎಷ್ಟೋ ಆ್ಯಂಟಿಬಯಾಟಿಕ್‌ಗಳ ತವರೂ ಇದೇ ಕುಲ. 1943ರಲ್ಲಿ ಸಿಕ್ಕ ಸ್ಟ್ರೆಪ್ಟೊಮೈಸಿನ್ ಇವುಗಳದ್ದೇ. 1948ರಲ್ಲಿ ಲೋಕಕ್ಕೆ ತಿಳಿದ ಆರಿಯೋಮೈಸಿನ್ ದೊರೆತದ್ದು ಅಮೆರಿಕದ ಮಿಸೌರಿಯ ಹೊಲವೊಂದರ ಮಣ್ಣಿನಲ್ಲಿ. ಅದನ್ನು ಹೊರತಂದ ಲೆಡರ್ಲಿ ಕಂಪನಿಯ ಸಂಶೋಧನೆಯ ಚುಕ್ಕಾಣಿ ಹಿಡಿದಿದ್ದವರು ಭೀಮವರಂನ ಯಲ್ಲಾಪ್ರಗಡ ಸುಬ್ಬರಾವ್.

ವಿಷ ಅರೆಯುವವನು ಮೊದಲು ತಾನು ಸಾಯದಂತೆ ನೋಡಿಕೊಳ್ಳಬೇಕಲ್ಲ! ಹಾಗಾಗಿ ಈ ಜೀವಿಗಳು ಔಷಧ ತಯಾರಿಸುವ ಜೀನ್‌ಗಳ ಮಗ್ಗುಲಲ್ಲೇ ಅದರಿಂದ ಪಾರಾಗುವ ಜೀನ್‌ಗಳನ್ನೂ ಇಟ್ಟುಕೊಂಡಿವೆ. ನೆರೆಹೊರೆಯ ಬ್ಯಾಕ್ಟೀರಿಯಾಗಳೂ ಬದುಕಲು ತಮ್ಮದೇ ಉಪಾಯ ಕಂಡುಕೊಂಡವು. ಈ ಜಗಳ ಮನುಷ್ಯ ಹುಟ್ಟುವುದಕ್ಕಿಂತ ಎಷ್ಟೋ ಹಳೆಯದು. ಕೆನಡಾದ ಯುಕಾನ್‌ನಲ್ಲಿ 30,000 ವರ್ಷ ಹೆಪ್ಪುಗಟ್ಟಿದ್ದ ಮಣ್ಣಿನಲ್ಲಿ ಪೆನಿಸಿಲಿನ್, ಟೆಟ್ರಾಸೈಕ್ಲಿನ್, ವ್ಯಾಂಕೊಮೈಸಿನ್‌ಗಳಿಗೆ ಮಣಿಯದ ಜೀನ್‌ಗಳಿದ್ದುದು 2011ರಲ್ಲಿ ಬಯಲಾಯಿತು.

ಹೊಟ್ಟೆಯ ಕಥೆ ಇನ್ನೂ ಸ್ವಾರಸ್ಯ. ವೆನೆಜುವೆಲಾದ ಕಾಡಿನಲ್ಲಿ ಹೊರಲೋಕದ ಸಂಪರ್ಕವೇ ಇಲ್ಲದೆ ಬದುಕಿದ್ದ ಯಾನೊಮಾಮಿ ಜನರ ಕರುಳಿನಲ್ಲೂ ಇಂಥ ಜೀನ್‌ಗಳು ಸಿಕ್ಕವು. ಆದರೆ ಅಲ್ಲಿಂದ ಬೆಳೆಸಿದ ಇ. ಕೊಲಿ ಬ್ಯಾಕ್ಟೀರಿಯಾಗಳು ಔಷಧ ಸೋಕಿದರೆ ಸಾಯುತ್ತಿದ್ದವು. ಜೀನ್ ಇತ್ತು, ಎಚ್ಚರವಾಗಿರಲಿಲ್ಲ.

ಹಾಗಾದರೆ ಔಷಧಗಳು ನಾಟದಂತಾದುದರಲ್ಲಿ ತಪ್ಪು ನಮ್ಮದಲ್ಲ ಎನ್ನೋಣವೇ? ಅವಸರ ಬೇಡ. 1917ರಿಂದ 1954ರವರೆಗೆ ಎವೆರಿಟ್ ಮರೆ ಎಂಬ ವಿಜ್ಞಾನಿ ಕೂಡಿಟ್ಟಿದ್ದ ಬ್ಯಾಕ್ಟೀರಿಯಾಗಳನ್ನು 1983ರಲ್ಲಿ ಬೇರೆಯವರು ಪರೀಕ್ಷಿಸಿದರು. ಬ್ಯಾಕ್ಟೀರಿಯಾಗಳು ಒಂದರಿಂದ ಒಂದಕ್ಕೆ ಜೀನ್ ದಾಟಿಸುವ ಪ್ಲಾಸ್ಮಿಡ್ ಎಂಬ ಡಿಎನ್ಎ ಉಂಗುರಗಳು ಅವುಗಳಲ್ಲಿದ್ದವು. ಆ ಉಂಗುರಗಳಲ್ಲಿ ಔಷಧ ಮೀರುವ ಜೀನ್‌ಗಳು ಮಾತ್ರ ಇರಲಿಲ್ಲ. ಸಂತೆಗೆ ಹೋಗುವ ಬಂಡಿ ಖಾಲಿಯಿತ್ತು. ಹೇರು ತುಂಬಿಸಿದ್ದು ನಾವು: ಔಷಧ ಸುರಿದಾಗಲೆಲ್ಲ ಮೆತ್ತನೆಯವು ಸತ್ತವು, ಗಟ್ಟಿಯವು ಉಳಿದು ಹೆಚ್ಚಿದವು, ಹೆಚ್ಚಿ ಹಂಚಿಕೊಂಡವು. ಕರುಳಿನಷ್ಟು ಗಿಜಿಗುಡುವ ಸಂತೆ ಅವಕ್ಕೆ ಬೇರೆಲ್ಲಿ ಸಿಗಬೇಕು!

ಔಷಧದಂಗಡಿಯಲ್ಲಿ ‘ಜ್ವರಕ್ಕೆ ಎರಡು ಗುಳಿಗೆ ಕೊಡ್ರಿ’ ಎಂದು ಕೈಚಾಚುವ ಮೊದಲು ಗುಳಿಗೆಯ ಪಟ್ಟಿ ತಿರುವಿ ನೋಡಿ. ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ವೈದ್ಯರ ಚೀಟಿಯಿಲ್ಲದೆ ಕೊಳ್ಳುವಂಥದ್ದಲ್ಲ. ನೆಗಡಿಗಂತೂ ಆ್ಯಂಟಿಬಯಾಟಿಕ್ ನಾಟುವುದೇ ಇಲ್ಲ. ಅದು ವೈರಸ್ಸಿನ ಕೆಲಸ.