ಗೋಡೆಗೆ ಇಳಿದ ಗೊಂಬೆಗಳು

ಚಿತ್ರಗಳ ಕುರಿತು ಬಾನುಲಿಯಲ್ಲಿ ಮಾತನಾಡುವುದೆಂದರೆ ಕಣ್ಣಿನ ಕೆಲಸವನ್ನು ಕಿವಿಗೆ ಒಪ್ಪಿಸಿದಂತೆ. ಆದರೆ ಇಂದು ನಾನು ಹೇಳಹೊರಟಿರುವ ಚಿತ್ರಗಳು ಹೆಸರೆತ್ತಿದೊಡನೆ ಕಣ್ಣಿಗೆ ಕಟ್ಟುವಂಥವು. ವರ್ಣನೆಯ ಹಂಗು ಅವುಗಳಿಗಿಲ್ಲ. ಭಾಲ್ಕಿಯಲ್ಲಿ ಅಂಗನವಾಡಿಯ ಗೋಡೆಗಳನ್ನು ನೋಡುತ್ತ ನಡೆದರೆ ಕಿತ್ತಳೆ ಬಣ್ಣದ ಧೋತರ ಉಟ್ಟ ಪುಟ್ಟ ಭೀಮ ಎದುರಾಗುತ್ತಾನೆ. ಅವನ ನೆರೆಯಲ್ಲಿ ದುಂಡು ಕಿವಿಯ ಮಿಕ್ಕಿ ಇಲಿ. ಹಳೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಬಹುಕಾಲ ಗಟ್ಟು ಎಂಬ ಹುಡುಗ ಬಣ್ಣದ ಡಬ್ಬಿ ಹಿಡಿದು ನಿಂತಿದ್ದ. ಇವನ್ನು ನಾವು ಕಲೆಯೆಂದು ಕರೆಯುವುದಿಲ್ಲ, ಕಲಾವಿಮರ್ಶಕರಂತೂ ಇತ್ತ ತಲೆಹಾಕುವುದಿಲ್ಲ. ಹಾಗಿದ್ದರೂ ಊರಿನ ಮಕ್ಕಳು ಬದುಕಿನಲ್ಲಿ ಮೊಟ್ಟಮೊದಲು ನೋಡುವ ದೊಡ್ಡ ಚಿತ್ರಗಳು ಇವೇ. ಮುಂಬಯಿ, ಹೈದರಾಬಾದು, ಅಮೆರಿಕಗಳಲ್ಲಿ ಹುಟ್ಟಿದ ಈ ಆಕೃತಿಗಳು ನಮ್ಮ ಗೋಡೆಗೆ ಇಳಿದದ್ದು ಹೇಗೆ?

ಗಟ್ಟುವಿನಿಂದ ಆರಂಭಿಸೋಣ. ಅವನು ನಮ್ಮವನೇ ಎನ್ನಲು ಕಾರಣವಿದೆ. ಮೈಸೂರಿನಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿ ‘ಕೊರವಂಜಿ’ಗೆ ಚಿತ್ರ ಬರೆದ ಆರ್. ಕೆ. ಲಕ್ಷ್ಮಣ್ ಅವರು 1954ರಲ್ಲಿ ಏಷ್ಯನ್ ಪೇಂಟ್ಸ್ ಕಂಪನಿಗಾಗಿ ಈ ತುಂಟ ಹುಡುಗನನ್ನು ಬರೆದುಕೊಟ್ಟರು. ಹಣೆಯ ಮೇಲೆ ಇಳಿಬಿದ್ದ ಕೂದಲು, ಒಂದು ಕೈಯಲ್ಲಿ ಬಣ್ಣ, ಇನ್ನೊಂದರಲ್ಲಿ ಕುಂಚ. ಅದೇ ಲಕ್ಷ್ಮಣರ ಶ್ರೀಸಾಮಾನ್ಯನನ್ನು ಅರಿಯಲು ಇಂಗ್ಲಿಷ್ ಪತ್ರಿಕೆ ಓದಬೇಕಿತ್ತು. ಗಟ್ಟುವನ್ನು ಅರಿಯಲು ಏನನ್ನೂ ಓದಬೇಕಿರಲಿಲ್ಲ. ಭಾಲ್ಕಿಯಂಥ ಊರಿನಲ್ಲಿ ಇದು ಸಣ್ಣ ಮಾತಲ್ಲ. ಕನ್ನಡ, ಮರಾಠಿ, ಉರ್ದು ಮೂರೂ ಬಾಳುವ ಗಡಿನಾಡು ನಮ್ಮದು. ಅಂಗಡಿಯ ಒಂದು ಹಲಗೆ ಎಲ್ಲರಿಗೂ ತಿಳಿಯಬೇಕಾದರೆ ಮೂರು ಲಿಪಿ ಬೇಕು. ಗಟ್ಟುವಿಗೆ ಲಿಪಿಯೇ ಬೇಡ. 2002ರಲ್ಲಿ ಕಂಪನಿ ಅವನನ್ನು ಕೈಬಿಟ್ಟಿತು. ಗೋಡೆಗಳಿಗೆ ಆ ಸುದ್ದಿ ತಡವಾಗಿ ಮುಟ್ಟಿತು. ಬಿಸಿಲಿಗೆ ಬಣ್ಣ ಬಿಡುವತನಕ ಅವನು ನಿಂತೇ ಇದ್ದ.

ಇನ್ನು ಅನಿಮೇಶನ್ ಎಂಬ, ಚಿತ್ರಕ್ಕೆ ಜೀವ ತುಂಬುವ ವಿದ್ಯೆ. ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕಾಗುತ್ತದೆ. ಸಿನಿಮಾ ತೆರೆಯ ಮೇಲೆ ಒಂದು ಸೆಕೆಂಡಿನಲ್ಲಿ 24 ಚಿತ್ರಗಳು ಓಡುತ್ತವೆ. ಹತ್ತು ನಿಮಿಷದ ಕಥೆಗೆ 14,400. ಒಂದೊಂದು ಚಿತ್ರವನ್ನು ಎರಡೆರಡು ಸಲ ತೋರಿಸಿ ಉಳಿತಾಯ ಮಾಡಿದರೂ 7,200. ಇಷ್ಟನ್ನು ಒಬ್ಬನೇ ಬರೆಯಲಾರ. ಹಲವು ಕೈಗಳು ಸೇರಬೇಕು, ಮತ್ತು ಯಾರ ಕೈಯಿಂದ ಬಂದರೂ ಭೀಮ ಭೀಮನಂತೆಯೇ ಇರಬೇಕು. ಆದಕಾರಣ ಆಕೃತಿಯನ್ನು ವೃತ್ತ, ಅಂಡಾಕಾರಗಳಂಥ ಸರಳ ರೂಪಗಳಿಂದ ಕಟ್ಟುತ್ತಾರೆ. ಗೆರೆ ಕಡಿಮೆ, ಬಣ್ಣ ಚಪ್ಪಟೆ, ನೆರಳು ಇಲ್ಲವೆಂಬಷ್ಟು ಅಲ್ಪ. 1928ರಲ್ಲಿ ತೆರೆಗೆ ಬಂದ ಮಿಕ್ಕಿಯನ್ನೇ ನೋಡಿ: ತಲೆ ಒಂದು ವೃತ್ತ, ಕಿವಿ ಎರಡು ವೃತ್ತ. ಅವನು ಮುಖವನ್ನು ಯಾವ ಕಡೆ ತಿರುಗಿಸಿದರೂ ಕಿವಿ ದುಂಡಗೆಯೇ ಉಳಿಯುತ್ತದೆ. ದೇಹಶಾಸ್ತ್ರಕ್ಕೆ ಒಪ್ಪದ ಸಂಗತಿ, ಕಣ್ಣಿಗೆ ಮಾತ್ರ ಪೂರ್ತಿ ಒಪ್ಪಿತ. ಡಿಸ್ನಿ ಸಂಸ್ಥೆಯಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ 1956ರಲ್ಲಿ ಮುಂಬಯಿಯ ಫಿಲ್ಮ್ಸ್ ಡಿವಿಜನ್ನಿಗೆ ಬಂದು ನಮ್ಮವರಿಗೆ ಈ ವಿದ್ಯೆಯ ಪಾಠ ಹೇಳಿದರು. ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆಯ ‘ಛೋಟಾ ಭೀಮ್’ 2008ರಿಂದ ದೂರದರ್ಶಕದಲ್ಲಿ ಬರತೊಡಗಿತು. ರನ್ನನ ಭೀಮನನ್ನು ಬಲ್ಲವರಿಗೆ ಲಡ್ಡು ತಿಂದು ಬಲ ಪಡೆಯುವ ಈ ಭೀಮ ತುಸು ಬಾಲಿಶನಾಗಿ ಕಂಡಾನು. ಮಕ್ಕಳು ನಮ್ಮ ಅಭಿಪ್ರಾಯ ಕೇಳಿಲ್ಲ.

ನಾನು ಒತ್ತಿ ಹೇಳಬೇಕೆಂದಿರುವ ಮಾತು ಇಲ್ಲಿದೆ. ಚಿತ್ರಶಾಲೆಯ ನೂರು ಕೈಗಳಿಗೆ ಸುಲಭವಾಗಲೆಂದು ಮಾಡಿಕೊಂಡ ಈ ಸರಳತೆ, ಯಾರೂ ಉದ್ದೇಶಿಸದೆಯೇ, ನಮ್ಮ ಊರಿನ ಪೇಂಟರನಿಗೂ ಬಾಗಿಲು ತೆರೆಯಿತು. ಅವನು ನೀಲಿಯಲ್ಲಿ ಅದ್ದಿದ ದಾರವನ್ನು ಗೋಡೆಗೆ ಬಿಗಿಹಿಡಿದು ಚಿಮ್ಮಿ ಚೌಕಗಳನ್ನು ಮಾಡಿಕೊಳ್ಳುತ್ತಾನೆ; ಕೈಯಲ್ಲಿರುವ ಚಿಕ್ಕ ಚಿತ್ರದ ಮೇಲೂ ಅಷ್ಟೇ ಚೌಕಗಳನ್ನು ಗೀಚಿ, ಒಂದೊಂದು ಚೌಕದ ಗೆರೆಯನ್ನು ಗೋಡೆಗೆ ಏರಿಸುತ್ತಾನೆ. ಎಣ್ಣೆಬಣ್ಣದ ಭಾವಚಿತ್ರವನ್ನು ಹೀಗೆ ಇಳಿಸಹೊರಟರೆ ಸೋಲು ಹೆಚ್ಚು. ಭೀಮನನ್ನು ಒಂದು ಮಧ್ಯಾಹ್ನದಲ್ಲಿ ಇಳಿಸಬಹುದು. ಹಾಗೆಂದು ಇದು ಹಗುರದ ಕೆಲಸವಲ್ಲ. ನನಗೆ ಪರಿಚಯದ ಪೇಂಟರೊಬ್ಬರು ಒಮ್ಮೆ, “ಗಾಂಧೀಜಿ ಮುಖ ಜರಾ ಹೆಚ್ಚುಕಮ್ಮಿ ಆದ್ರ ನಡೀತದ್ರೀ, ಭೀಮನ ಮುಖ ತಪ್ಪಿದ್ರ ಹುಡುಗ್ರು ಬಿಡಂಗಿಲ್ಲ” ಎಂದಿದ್ದರು. ಗೆರೆ ಕಡಿಮೆಯಾದಷ್ಟೂ ಒಂದೊಂದು ಗೆರೆಯ ಹೊಣೆ ಹೆಚ್ಚೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಿದವರನ್ನು ನಾನು ಕಂಡಿಲ್ಲ.

ಚಲಿಸುವ ಚಿತ್ರ ನಮ್ಮ ನಾಡಿಗೆ ಹೊಸದೆಂದು ಭಾವಿಸಬೇಕಾಗಿಯೂ ಇಲ್ಲ. ಕಲ್ಯಾಣ ಕರ್ನಾಟಕದ ಇನ್ನೊಂದು ತುದಿಯಾದ ಕೊಪ್ಪಳದ ಕಡೆ ತೊಗಲುಗೊಂಬೆಯಾಟ ತಲೆಮಾರುಗಳಿಂದ ಬಾಳಿದೆ. ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದದ್ದು ನಿಮಗೆ ನೆನಪಿರಬಹುದು. ಹದಮಾಡಿದ ತೊಗಲನ್ನು ಪಾರದರ್ಶಕವಾಗುವಂತೆ ಹೆರೆದು, ಬಣ್ಣ ಹಚ್ಚಿ, ರಂಧ್ರ ಕೊರೆದು, ಹಿಂದಿನಿಂದ ದೀಪ ಹಿಡಿದರೆ ಪರದೆಯ ಮೇಲೆ ರಾಮಾಯಣ ನಡೆಯುತ್ತದೆ. ಅದರ ನಡುವೆ ನುಗ್ಗಿ ಬರುವ ಕಿಳ್ಳೇಕ್ಯಾತನ ವಿಕಾರ ರೂಪವೂ ಕುಣಿಯುವ ಕೈಕಾಲೂ ಅಪ್ಪಟ ವ್ಯಂಗ್ಯಚಿತ್ರ. ಕೈ, ಕಾಲುಗಳನ್ನು ಬೇರೆಬೇರೆಯಾಗಿ ಕತ್ತರಿಸಿ ಕೀಲು ಹಾಕಿ ಪೋಣಿಸಿದ ಗೊಂಬೆಗೂ, ಕಂಪ್ಯೂಟರಿನಲ್ಲಿ ಅಂಗಾಂಗಗಳನ್ನು ತುಂಡುತುಂಡಾಗಿ ಬರೆದಿಟ್ಟುಕೊಂಡು ಜೋಡಿಸಿ ಆಡಿಸುವ ಇಂದಿನ ಪದ್ಧತಿಗೂ ತತ್ತ್ವದಲ್ಲಿ ಅಂತರವಿಲ್ಲ.

ಬೀದಿಯ ವ್ಯಂಗ್ಯ ಮಕ್ಕಳ ಮನರಂಜನೆಗೇ ಮುಗಿಯುವುದೂ ಇಲ್ಲ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಕಲಿತ ಬಾದಲ್ ನಂಜುಂಡಸ್ವಾಮಿ ಅವರು ಬಾಯ್ದೆರೆದ ಮ್ಯಾನ್‌ಹೋಲಿನ ಸುತ್ತ ಯಮನ ಮುಖ ಬರೆದರು; ಗುಂಡಿಯೇ ಯಮನ ಬಾಯಿ. 2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನಪಾಳ್ಯದ ರಸ್ತೆಗುಂಡಿಯಲ್ಲಿ ಅವರು ಇರಿಸಿದ ಮೊಸಳೆ ದೇಶಕ್ಕೆಲ್ಲ ಸುದ್ದಿಯಾಯಿತು, ಗುಂಡಿಯೂ ಬೇಗ ಮುಚ್ಚಿತು. ‘ಕೊರವಂಜಿ’ಯ ಪುಟದಲ್ಲಿ ಇದೇ ಯಮ ಬಂದಿದ್ದರೆ ನಾವು ನಕ್ಕು ಪುಟ ತಿರುಗಿಸುತ್ತಿದ್ದೆವು. ರಸ್ತೆಯ ಮೇಲಿನ ಯಮನನ್ನು ತಿರುಗಿಸಿಹಾಕಲು ಬರುವುದಿಲ್ಲ, ಸುತ್ತಿಕೊಂಡು ಹೋಗಬೇಕು.

ಭಾಲ್ಕಿಯ ಗೋಡೆಗಳಿಗೆ ಮರಳಿದರೆ, ಅಲ್ಲಿ ಕೈಬರಹಕ್ಕೆ ಕುತ್ತು ತಂದದ್ದು ಫ್ಲೆಕ್ಸ್. ಯಂತ್ರದಲ್ಲಿ ಮುದ್ರಿಸಿದ ಪ್ಲಾಸ್ಟಿಕ್ ಹಾಳೆಯಲ್ಲಿ ಭೀಮನ ಮುಖ ಎಂದೂ ತಪ್ಪುವುದಿಲ್ಲ. ಗಂಟೆಯೊಳಗೆ ಸಿದ್ಧ, ಬೆಲೆಯೂ ಅಗ್ಗ. 2016ರಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ನಿಷೇಧದೊಡನೆ ಫ್ಲೆಕ್ಸನ್ನೂ ನಿಷೇಧಿಸಿತು. ಆದೇಶ ಬಂದಿತು, ಫ್ಲೆಕ್ಸ್ ಹೋಗಲಿಲ್ಲ. ಅಂಗಡಿಯ ಹಲಗೆ, ಹುಟ್ಟುಹಬ್ಬದ ಶುಭಾಶಯ, ಜಾತ್ರೆಯ ಸ್ವಾಗತ ಇವೆಲ್ಲ ಪೇಂಟರನ ಕೈಬಿಟ್ಟು ಹೋದವು. ಯಂತ್ರದ ಭೀಮ ಎಲ್ಲ ಊರುಗಳಲ್ಲಿ ಒಂದೇ. ಕೈಯಿಂದ ಬರೆದ ಭೀಮನಲ್ಲಿ ಹುಬ್ಬು ತುಸು ದಪ್ಪವಾಗಿ, ಧೋತರದ ಕಚ್ಚೆ ನಮ್ಮ ಕಡೆಯ ರೈತ ಉಡುವ ರೀತಿಯಲ್ಲಿ ಬಂದುಬಿಡುತ್ತದೆ. ನಕಲು ಮಾಡುವಾಗ ನುಸುಳುವ ಈ ಸ್ವಂತಿಕೆಯ ಮೇಲೆಯೇ ನನಗೆ ಮಮತೆ.

ಇದಕ್ಕೆ ಕಂಪನಿಗಳ ಅನುಮತಿ ಇದೆಯೇ ಎಂದು ನೀವು ಕೇಳಬಹುದು. ಮಿಕ್ಕಿಯ 1928ರ ಮೂಲ ರೂಪ ಅಮೆರಿಕದಲ್ಲಿ ಹಕ್ಕಿನ ಕಟ್ಟಿನಿಂದ ಬಿಡುಗಡೆಯಾದದ್ದು 2024ರ ಜನವರಿ 1ರಂದು. ಭಾಲ್ಕಿಯ ಮಿಕ್ಕಿ ಅಷ್ಟು ದಿನ ಕಾಯಲಿಲ್ಲ. ಭೀಮನಿಗೆ ಇಂದಿಗೂ ಒಡೆಯರಿದ್ದಾರೆ. ಆದರೆ ಹಳ್ಳಿಯ ಅಂಗನವಾಡಿಯ ಗೋಡೆಯಿಂದ ಅವರಿಗೆ ನಷ್ಟವಾದೀತೆಂದು ನನಗಂತೂ ಅನ್ನಿಸುವುದಿಲ್ಲ.

ಸದ್ಯ ಪೇಂಟರನ ಪಾಲಿಗೆ ಉಳಿದಿರುವುದು ಮುಖ್ಯವಾಗಿ ಶಾಲೆಯ ಗೋಡೆ. ಬಿಸಿಲು, ಗಾಳಿ, ಮಕ್ಕಳ ಉಗುರು ಈ ಮೂರರ ಮುಂದೆ ಫ್ಲೆಕ್ಸ್ ಬಹಳ ದಿನ ಬಾಳದು, ಸುಣ್ಣಬಳಿದ ಗೋಡೆಯ ಮೇಲಿನ ಬಣ್ಣ ಬಾಳುತ್ತದೆ. ಬೇಸಿಗೆ ರಜೆಯಲ್ಲಿ ಆ ಕೆಲಸ ನಡೆಯುತ್ತದೆ. ಕನ್ನಡ ಶಾಲೆಯಲ್ಲಿ ಭೀಮನ ಕೈಯ ಹಲಗೆಯ ಮೇಲೆ ‘ಅ’ ಬರೆಯುತ್ತಾರೆ, ಮರಾಠಿ ಶಾಲೆಯಲ್ಲಿ ದೇವನಾಗರಿಯ ಅಕಾರ, ಉರ್ದು ಶಾಲೆಯಲ್ಲಿ ಅಲಿಫ್. ಭೀಮ ಮೂರೂ ಕಡೆ ಒಬ್ಬನೇ. ನನ್ನ ಪರಿಚಯದ ಪೇಂಟರಿಗೆ ಮುಂದಿನ ಬೇಸಿಗೆಗೂ ಎರಡು ಶಾಲೆಯವರು ಹೇಳಿಟ್ಟಿದ್ದಾರಂತೆ.