ಕರಿಯ ಪರದೆಯ ಲ್ಯಾಪ್‌ಟಾಪು

ರಾಜಾಜಿನಗರದ ವಿದ್ಯಾರ್ಥಿಯೊಬ್ಬನು ಹಸಿರು ಮಾರ್ಗದ ಮೆಟ್ರೋ ಹತ್ತಿ, ಚಿಕ್ಕಪೇಟೆಯಲ್ಲಿಳಿದು, ಎಸ್. ಪಿ. ರಸ್ತೆಗೆ ನಡೆದನೆನ್ನೋಣ. ಗಣಕಯಂತ್ರಗಳಿಗೂ ಅವುಗಳ ಬಿಡಿಭಾಗಗಳಿಗೂ ಹೆಸರಾದ ಪೇಟೆ ಅದು. ಅಲ್ಲಿ ಒಂದೇ ಬಗೆಯ ಎರಡು ಲ್ಯಾಪ್‌ಟಾಪುಗಳು ಅವನ ಕಣ್ಣಿಗೆ ಬೀಳುತ್ತವೆ. ಒಂದರ ಬೆಲೆ ಮಾತ್ರ ಕಡಮೆ. ಅದರ ಗುಂಡಿಯನ್ನೊತ್ತಿದರೆ ಬಣ್ಣದ ಚಿತ್ರಗಳೇನೂ ಮೂಡವು. ಕರಿಯ ಪರದೆ, ಅದರ ಮೇಲೆ ಒಂದೆರಡು ಬಿಳಿಯ ಅಕ್ಷರ, ಪಕ್ಕದಲ್ಲಿ ಮಿನುಗುವ ಗೆರೆ, ಅಷ್ಟೆ. ಯಂತ್ರ ಕೆಟ್ಟಿದೆಯೆ?

ಕೆಟ್ಟಿಲ್ಲ. ಗುಂಡಿಯನ್ನೊತ್ತಿದೊಡನೆ ಮೊದಲು ಎಚ್ಚರಗೊಳ್ಳುವುದು, ತಯಾರಕರು ಚಿಪ್ಪೊಂದರಲ್ಲಿ ಬರೆದಿಟ್ಟಿರುವ ಕಿರಿಯ ಕ್ರಮವಿಧಿ. ಅದು ಯಂತ್ರದ ಅಂಗಾಂಗಗಳನ್ನು ಪರೀಕ್ಷಿಸಿ, ಬಳಿಕ ಡಿಸ್ಕಿನಲ್ಲಿ ಆಪರೇಟಿಂಗ್ ಸಿಸ್ಟಂ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಹುಡುಕಿ, ಅಧಿಕಾರವನ್ನು ಅದಕ್ಕೆ ಒಪ್ಪಿಸುತ್ತದೆ. ಕಡತಗಳನ್ನು ಕಾಪಾಡುವುದು, ಏಕಕಾಲದ ಹತ್ತು ಕೆಲಸಗಳಿಗೆ ಯಂತ್ರದ ಸಮಯವನ್ನು ಹಂಚುವುದು, ಎಲ್ಲವೂ ಇದರ ಹೊಣೆ. ವಿಂಡೋಸ್ ಇಂಥದೊಂದು ವ್ಯವಸ್ಥೆ. ಅದರ ಪರವಾನಗಿಯ ಬೆಲೆ ಯಂತ್ರದ ಬೆಲೆಯಲ್ಲಿ ಅಡಗಿರುತ್ತದೆ. ನಮ್ಮ ಅಗ್ಗದ ಯಂತ್ರದಲ್ಲಿ ಸಾಮಾನ್ಯವಾಗಿ ಇರುವುದು ಫ್ರೀಡಾಸ್. ಅಮೆರಿಕದ ಜಿಮ್ ಹಾಲ್ ಎಂಬಾತನು 1994ರಲ್ಲಿ, ತಾನಿನ್ನೂ ಭೌತಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ಆರಂಭಿಸಿದ ಉಚಿತ ವ್ಯವಸ್ಥೆಯಿದು. ಇಂದಿನ ವಿದ್ಯಾರ್ಥಿಯ ದಿನಬಳಕೆಗೆ ಇದು ಸಾಲದು.

“ಯೋಚನೆ ಬೇಡ ತಮ್ಮಾ, ವಿಂಡೋಸನ್ನು ನಾವೇ ಹಾಕಿಕೊಡುತ್ತೇವೆ, ದುಡ್ಡೂ ಬೇಡ” ಎಂದು ಅಂಗಡಿಯವನು ಹೇಳುವ ಸಂದರ್ಭವುಂಟು. ಅಪಾಯವಿರುವುದು ಇಲ್ಲಿಯೇ. ಪರವಾನಗಿಯಿಲ್ಲದ ಪ್ರತಿ ಕಾನೂನಿಗೆ ವಿರುದ್ಧವೆಂಬುದು ಒಂದು ಮಾತು. ಅದಕ್ಕಿಂತ ಕೆಟ್ಟದೆಂದರೆ, ಪರವಾನಗಿಯ ತಪಾಸಣೆಯನ್ನು ವಂಚಿಸಲು ಒಳಹೊಕ್ಕ ಅಪರಿಚಿತ ಕ್ರಮವಿಧಿ ಮತ್ತೇನು ಮಾಡುತ್ತಿದೆಯೆಂದು ಕೊಂಡವನಿಗೆ ತಿಳಿಯದು. ಮನೆಯವರ ಬ್ಯಾಂಕಿನ ಗುಪ್ತಪದವೂ ಆ ಯಂತ್ರದಲ್ಲಿಯೇ ಟೈಪಾಗುತ್ತದಲ್ಲವೆ?

ಹಾಗಾದರೆ ದಾರಿ ಯಾವುದು? ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಬೀಜ ಬಿತ್ತಿದ ಲಿನಕ್ಸ್ ಇದೆ. ಉಬುಂಟು, ಫೆಡೋರ ಮುಂತಾದ ರೂಪಗಳಲ್ಲಿ ಅದು ಉಚಿತವಾಗಿ ದೊರೆಯುತ್ತದೆ, ಕನ್ನಡ ಬರೆಯುವ ಕೀಲಿವಿನ್ಯಾಸವೂ ಅದರಲ್ಲಿಯೇ ಉಂಟು. ನಮ್ಮೂರಿಗೆ ಇದು ಹೊಸತಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಎನ್‌ಕೋರ್ ಕಂಪನಿಯ ಎಂಜಿನಿಯರುಗಳೊಡನೆ ರೂಪಿಸಿ, 2004ರಲ್ಲಿ ಮಾರಾಟಕ್ಕೆ ಬಂದ ಸಿಂಪ್ಯೂಟರ್ ಎಂಬ ಅಂಗೈಗಣಕ ನಡೆಯುತ್ತಿದ್ದುದು ಲಿನಕ್ಸಿನಿಂದಲೇ. ಬಡವರಿಗೂ ಎಟುಕುವ ಯಂತ್ರವಾಗಬೇಕೆಂಬುದು ಅವರ ಆಸೆ. ಯಂತ್ರ ಮಾತ್ರ ಬಹುಕಾಲ ಬಾಳಲಿಲ್ಲ.

ಲಿನಕ್ಸ್ ಎಲ್ಲರಿಗೂ ಒಗ್ಗುವುದೆಂದು ನಾನು ಹೇಳಲಾರೆ. ಆಟೋಕ್ಯಾಡ್ ಕಲಿಯಲೇಬೇಕಾದ ಎಂಜಿನಿಯರಿಂಗ್ ವಿದ್ಯಾರ್ಥಿ, ಟ್ಯಾಲಿ ಬೇಕಾದ ವಾಣಿಜ್ಯ ವಿದ್ಯಾರ್ಥಿ, ಇವರು ಪರವಾನಗಿಯ ಹಣವನ್ನು ಕೊಟ್ಟುಬಿಡುವುದೇ ಲೇಸು. ಉಳಿದವರು ಅಂಗಡಿಗೆ ಹೊರಡುವ ಮುನ್ನ, ಸ್ನೇಹಿತನ ಗಣಕದ ನೆರವಿನಿಂದ 8 ಜಿಬಿಯ ಪೆನ್‌ಡ್ರೈವಿಗೆ ಲಿನಕ್ಸನ್ನು ತುಂಬಿಕೊಳ್ಳಲಿ. ಡಿಸ್ಕನ್ನು ಮುಟ್ಟದೆ, ಪೆನ್‌ಡ್ರೈವಿನಿಂದಲೇ ಯಂತ್ರವನ್ನು ನಡೆಸಿ ನೋಡಬಹುದು. ವೈಫೈ ಹಿಡಿಯುತ್ತದೆಯೆ, ಧ್ವನಿ ಬರುತ್ತದೆಯೆ, ಮುಚ್ಚಳವನ್ನು ಮುಚ್ಚಿ ತೆರೆದರೆ ಯಂತ್ರ ಮತ್ತೆ ಎಚ್ಚರಗೊಳ್ಳುತ್ತದೆಯೆ ಎಂಬುದನ್ನು ಹಣ ಕೊಡುವ ಮೊದಲೇ ಪರೀಕ್ಷಿಸಬೇಕು. ಇದಕ್ಕೆ ಹತ್ತು ನಿಮಿಷ ಸಾಕು. ಅಂಗಡಿಯವನು ಒಪ್ಪದಿದ್ದರೆ ಪಕ್ಕದ ಅಂಗಡಿಯನ್ನು ಕೇಳಬಹುದು, ಎಸ್. ಪಿ. ರಸ್ತೆಯಲ್ಲಿ ಅಂಗಡಿಗಳಿಗೇನೂ ಬರವಿಲ್ಲ.