ನಿಮಗಿದು ಗೊತ್ತೆ? ಹಾಡಿನಲ್ಲೇ ಬದುಕಿದ ಸಿಂಧಿ ಕಾವ್ಯ

ಸಿಂಧಿ ಸೂಫಿ ಕವಿ ಶಾ ಅಬ್ದುಲ್ ಲತೀಫ್ ಭಿಟಾಯಿ (1689–1752) ಅವರ ‘ಶಾ ಜೋ ರಿಸಾಲೊ’ವನ್ನು ಗ್ರಂಥವೆನ್ನುವುದಕ್ಕಿಂತ ಗಾಯನವೆನ್ನುವುದೇ ಸರಿ. ಅದರ ಅಧ್ಯಾಯಗಳಿಗೆ ‘ಸುರ್’ ಎಂದೇ ಹೆಸರು. ಕಲ್ಯಾಣ್, ಸಾರಂಗ್ ಮುಂತಾದವು ರಾಗಗಳ ಹೆಸರನ್ನೇ ಹೊತ್ತಿವೆ. ಮಾರುಯಿಯಂಥ ಕಥಾನಾಯಕಿಯರ ಹೆಸರಿನ ಸುರ್‌ಗಳೂ ಇವೆಯಲ್ಲ, ಅವು ಕಥನಕಾವ್ಯವೇ ತಾನೆ ಎಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಅಲ್ಲಿ ಕವಿ ಕಥೆಯನ್ನು ಮೊದಲಿನಿಂದ ಹೇಳುವುದೇ ಇಲ್ಲ. ಕೇಳುಗರಿಗೆ ಅದು ಗೊತ್ತೆಂದುಕೊಂಡೇ ನಾಯಕಿಯ ಅಳಲನ್ನು ಹಿಡಿಯುತ್ತಾರೆ. ಪಾಕಿಸ್ತಾನದ ಭಿಟ್ ಶಾದಲ್ಲಿರುವ ಕವಿಯ ದರ್ಗಾದಲ್ಲಿ ಇಂದಿಗೂ ಕಪ್ಪುಡುಗೆಯ ಫಕೀರರು ಐದು ತಂತಿಯ ದಂಬೂರ ಮೀಟುತ್ತ, ಹೆಣ್ಣುದನಿಯಂಥ ತಾರಸ್ವರಕ್ಕೇರಿ ಆ ಅಳಲನ್ನು ಹಾಡುತ್ತಾರೆ. ಕೈಬರಹದ ಪ್ರತಿಗಳ ಜೊತೆಗೆ ಕಾವ್ಯವನ್ನು ಕಾಪಾಡಿದ್ದು ಇಂಥ ಕಂಠಗಳೇ. ಅದು ಮೊದಲು ಅಚ್ಚಾದದ್ದು ಕವಿ ತೀರಿಕೊಂಡು 114 ವರ್ಷಗಳ ಮೇಲೆ, 1866ರಲ್ಲಿ, ಜರ್ಮನಿಯ ಲೈಪ್‌ಜಿಗ್‌ನಲ್ಲಿ.